‘ಆ’ ಅನ್ನಪಾ, ಒಮ್ಮೆ

ದಿನಾ ಮುಂಜಾನೆ ಏಳೂವರೆಗೆ ನಮ್ಮ ಮನೆಯ ಬಚ್ಚಲಲ್ಲಿ ಒಂದು ಕುಸ್ತಿ ನಡೆಯುತ್ತಿತ್ತು. ಒಂದು ಕಡೆ ಎರಡೂವರೆ ವರ್ಷದ, ಹನ್ನೆರಡು ಕಿಲೋ ತೂಕದ ಪೈಲ್ವಾನ. ಇನ್ನೊಂದು ಕಡೆ ಮೂರು ಮಂದಿ ದೊಡ್ಡವರು. ಕೈ ಹಿಡಿಯಲು ಅವನಪ್ಪ, ಕಾಲು ಹಿಡಿಯಲು ನಮ್ಮ ಅತ್ತಿ, ಬ್ರಶ್ ಹಿಡಿದುಕೊಂಡು ನಾನು. ದಿನಾ ಗೆಲ್ಲುತ್ತಿದ್ದವನು ಅವನೇ. ಒಮ್ಮೆ ಹಲ್ಲು ಕಚ್ಚಿ ತುಟಿ ಬಿಗಿದನೆಂದರೆ ಮುಗಿಯಿತು, ಯಾದಗಿರಿ ಕೋಟೆ ಬಾಗಿಲು ಬೇಕಾದರೆ ತೆಗೀಬಹುದು, ಇವನ ಬಾಯಿ ತೆಗೆಸಲು ಆಗುತ್ತಿರಲಿಲ್ಲ. “ಆ ಅನ್ನಪಾ, ಒಮ್ಮೆ ಆ ಅನ್ನು ನಮ್ಮಪ್ಪ” ಅಂತ ನಾನು ಗೋಗರೆಯುವುದು, ಅವನು ಬಾಯಿ ಮುಚ್ಚಿಕೊಂಡೇ “ಊಂಹೂಂ” ಅನ್ನುವುದು. ಅಷ್ಟರಲ್ಲಿ ನನ್ನ ಬಸ್ಸಿಗೆ ಹೊತ್ತಾಗುತ್ತಿತ್ತು. ಶಹಾಪುರದಿಂದ ಯಾದಗಿರಿಗೆ ದಿನಾ ಓಡಾಡುವವರಿಗೆ ಒಂದು ಬಸ್ಸು ತಪ್ಪಿದರೆ ಆಫೀಸಿನಲ್ಲಿ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಬ್ರಶ್ಶನ್ನು ಮಗ್ಗಿಗೆ ಎಸೆದು ಓಡುತ್ತಿದ್ದೆ.

ನಡುವೆ ಆ ವಾಸನೆ ಬರದೇ ಹೋಗಿದ್ದರೆ ಇದನ್ನೆಲ್ಲ ತಮಾಷೆಯಾಗಿಯೇ ಬರೆದು ಮುಗಿಸುತ್ತಿದ್ದೆ.

ಸಂಕ್ರಾಂತಿ ಮುಗಿದು ಹತ್ತು ದಿನ ಆಗಿರಬೇಕು. ಮೈಲಾಪುರ ಮಲ್ಲಯ್ಯನ ಜಾತ್ರೆಯಿಂದ ತಂದ ಬೆಂಡು-ಬತ್ತಾಸು ಇನ್ನೂ ಡಬ್ಬಿಯಲ್ಲಿತ್ತು. ಊರಿನ ಹೊಲದಿಂದ ಹೊಸ ತೊಗರಿ ಬಂದು ಪಡಸಾಲೆಯಲ್ಲಿ ಚೀಲ ಸಾಲಾಗಿ ನಿಂತಿದ್ದವು. ಅವತ್ತು ರಾತ್ರಿ ಮಗ ಹೊರಳಿ ಬಂದು ನನ್ನ ಕುತ್ತಿಗೆಗೆ ಮುಖ ಒತ್ತಿಕೊಂಡು ಮಲಗಿದಾಗ ಏನೋ ಕೊಳೆತ ವಾಸನೆ ಮೂಗಿಗೆ ಬಡಿಯಿತು. ಮಕ್ಕಳ ಉಸಿರಿಗೆ ಒಂದು ಹಾಲಿನ ವಾಸನೆ ಇರುತ್ತದಲ್ಲ, ಅದು ಎಲ್ಲಿ ಹೋಯಿತು ಅನ್ನಿಸಿತು. ನಾನು ಮುಖ ಆಚೆ ತಿರುಗಿಸಿದೆ. ಮೂರು ದಿನ ಬಿಟ್ಟು ಮತ್ತೆ ಹಾಗೇ ಮಾಡಿದಾಗ ಅವನು ನನ್ನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ಎಳೆದುಕೊಂಡ.

ಸಲಹೆಗೆ ನಮ್ಮ ಮನೆಯಲ್ಲಿ ಬರವಿಲ್ಲ. “ಹೊಟ್ಟ್ಯಾಗ ಜಂತು ಆಗ್ಯಾವ” ಅಂದರು ಅತ್ತಿ. “ಹೀಟ್ ಆಗ್ಯದ, ಮಜ್ಜಿಗಿ ಕುಡಸ್ರಿ” ಅಂದವರು ಒಬ್ಬರು. ಏಲಕ್ಕಿ ಅಗಿಸಿ ಅಂದರು ಇನ್ನೊಬ್ಬರು. ಎರಡೂವರೆ ವರ್ಷದ ಕೂಸಿಗೆ ಏಲಕ್ಕಿ ಕಾಳು ಗಂಟಲಲ್ಲಿ ಸಿಕ್ಕರೆ ಯಾರು ಹೊಣೆ? ಓಣಿಯ ಒಬ್ಬ ಅಜ್ಜಿ ತಾನು ಹಲ್ಲಿಗೆ ತಿಕ್ಕುವ ಕಪ್ಪು ಪುಡಿಯನ್ನೇ ಬೆರಳ ತುದಿಯಲ್ಲಿ ತಂದಿದ್ದಳು. ಅದು ತಂಬಾಕು ಸುಟ್ಟು ಮಾಡಿದ್ದು. ಹಲ್ಲುಪುಡಿ, ಪೇಸ್ಟಿನಲ್ಲಿ ತಂಬಾಕು ಹಾಕುವುದನ್ನು ನಮ್ಮ ದೇಶದಲ್ಲಿ 1992ರಲ್ಲೇ ನಿಷೇಧಿಸಿದ್ದಾರೆ. ಆದರೆ ಮನೆಯಲ್ಲೇ ಸುಟ್ಟುಕೊಳ್ಳುವವರಿಗೆ ಯಾವ ಕಾನೂನು ತಲುಪುತ್ತದೆ ಹೇಳಿ. ಮೆಡಿಕಲ್ ಅಂಗಡಿಯ ಹುಡುಗ ಮೌತ್‌ವಾಶ್ ಬಾಟಲಿ ಮುಂದಿಟ್ಟ. ಉಗುಳಲು ಬಾರದ ಮಗುವಿಗೆ ಅದನ್ನು ಕೊಡಲೇಬಾರದು ಅನ್ನುವುದಷ್ಟು ನನಗೆ ಗೊತ್ತಿತ್ತು, ಪುಣ್ಯ.

ನನ್ನ ತೀರ್ಮಾನ ಮಾತ್ರ ಆಗಲೇ ಆಗಿಬಿಟ್ಟಿತ್ತು. ಹಲ್ಲು ತಿಕ್ಕಿಸಿಕೊಳ್ಳಲ್ಲ, ಅದಕ್ಕೇ ಬಾಯಿ ನಾರುತ್ತದೆ. ಫೋನಿನಲ್ಲಿ ಹುಡುಕಿದರೂ ಮೊದಲಿಗೆ ಬರುವುದು ಅದೇ. ಹಾಗಾಗಿ ಕುಸ್ತಿಯನ್ನು ಎರಡು ಹೊತ್ತಿಗೆ ಏರಿಸಿದೆ. ಮಗ ನಲ್ಲಿಯ ಸಪ್ಪಳ ಕೇಳಿದರೂ ಮಂಚದ ಕೆಳಗೆ ಹೋಗಿ ಸೇರಿಕೊಳ್ಳತೊಡಗಿದ. ಒಂದಿನ ನನ್ನ ಬೆರಳು ಕಚ್ಚಿದ, ರಕ್ತ ಬಂತು. ನಾನು ಹೊಡೆದೆ. ಕೈ ಎತ್ತಿದೆ, ಬೆದರಿಸಿದೆ ಅಂತೆಲ್ಲ ಬರೆಯಬಹುದು, ಆದರೆ ಹೊಡೆದೆ. “ನಾರ್ತೀ ನೀನು, ಯಾರೂ ನಿನ್ನ ಎತ್ಕೊಳ್ಳಲ್ಲ ನೋಡು” ಅಂತಲೂ ಅಂದೆ.

ಆ ವಾರ ಸುರಪುರಕ್ಕೆ, ತವರಿಗೆ ಹೋಗಿದ್ದೆವು. ನಮ್ಮವ್ವ ಮೊಮ್ಮಗನ ಮುಖ ಒರೆಸುತ್ತ, “ಅಲ್ಲಬೇ, ಇವಂದು ಒಂದ ಮೂಗ ಯಾಕ ಸುರೀಲಾಕತ್ತದ? ಇನ್ನೊಂದು ಒಣಗೇ ಅದ ನೋಡ” ಅಂದಳು. ನಾನು ಫೋನಿನಿಂದ ತಲೆ ಎತ್ತದೆ, “ನೆಗಡಿ ಇರ್ತದ ತಗೋ ಅವ್ವ” ಅಂದೆ. ನಿಜಕ್ಕೂ ಹಿಂದಿನ ವಾರ ಡಾಕ್ಟರ ಹತ್ತಿರ ಹೋಗಿ ನೆಗಡಿ ಸಿರಪ್ ಬರೆಸಿಕೊಂಡು ಬಂದಿದ್ದೆ. ಒಂದೇ ಹೊಳ್ಳೆ ಸುರಿಯುತ್ತದೆ ಅಂತ ಅವರಿಗೆ ಹೇಳಿರಲಿಲ್ಲ, ನಾನೇ ನೋಡಿದ್ದರೆ ತಾನೇ.

ಕೊನೆಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದು ಬಾಯಿ ತೆಗೆಸಲು ಏನಾದರೂ ಉಪಾಯ ಹೇಳಿಯಾರು ಅಂತ. ಅವರು ಕುರ್ಚಿ ಮೇಲೆ ಹತ್ತಿಸಲೇ ಇಲ್ಲ. ನನ್ನ ಎದುರು ಸ್ಟೂಲ್ ಹಾಕಿಕೊಂಡು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಮಗನನ್ನು ನನ್ನ ಕಡೆ ಮುಖ ಮಾಡಿ ತೊಡೆ ಮೇಲೆ ಕೂರಿಸಿಕೊಳ್ಳಲು ಹೇಳಿ, ಹಾಗೇ ಹಿಂದಕ್ಕೆ ವಾಲಿಸಿ ತಲೆಯನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. ಅವನಿಗೆ ನನ್ನ ಮುಖ ಕಾಣುತ್ತಿತ್ತು, ನನ್ನ ಎರಡೂ ಕೈ ಅವನ ಕೈಯಲ್ಲಿದ್ದವು. ಅತ್ತ. ಅಳಲು ಬಾಯಿ ತೆಗೆಯಲೇಬೇಕಲ್ಲ, ಅಷ್ಟರಲ್ಲಿ ಅವರು ನೋಡಿ ಮುಗಿಸಿದ್ದರು. ಆಮೇಲೆ ಬಾಯಿ ಮುಚ್ಚಿಸಿ, ಒಂದೊಂದೇ ಹೊಳ್ಳೆಯ ಉಸಿರಿಗೆ ತಮ್ಮ ಮೂಗು ಹಿಡಿದರು.

“ಇದು ಬಾಯಿಂದ ಅಲ್ರಿ, ಮೂಗಿಂದ ಬರ್ಲಾಕತ್ತದ. ಒಂದ ಕಡಿಂದ ಸುರಿತದ ಏನ್ರಿ?”

ಅವ್ವನ ಮಾತು ಆಗ ನೆನಪಾಯಿತು.

ಮಾರನೇ ದಿನ ಯಾದಗಿರಿಯಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರು ಹಣೆಗೆ ಲೈಟು ಕಟ್ಟಿಕೊಂಡು, ತುದಿ ಬಾಗಿದ ಸಣ್ಣ ಸಲಾಕೆಯಿಂದ ಬಲಹೊಳ್ಳೆಯೊಳಗಿಂದ ಒಂದು ತೊಗರಿ ಕಾಳು ತೆಗೆದರು. ಉಬ್ಬಿ, ಸಿಪ್ಪೆ ಬಿಟ್ಟು, ಕೀವು ಹತ್ತಿಕೊಂಡಿತ್ತು. ಒಂದು ನಿಮಿಷದ ಕೆಲಸ. ಟ್ರೇನಲ್ಲಿ ಬಿದ್ದ ಅದನ್ನು ನೋಡಿ ಮಗ “ತೊಗಲಿ” ಅಂದ. ಗೊತ್ತಿತ್ತು ಅವನಿಗೆ. ಯಾರೂ ಕೇಳಿರಲಿಲ್ಲ ಅಷ್ಟೇ.

ಎರಡು ಮೂರು ದಿನದಲ್ಲಿ ವಾಸನೆ ಹೋಯಿತು. ಎರಡು ವಾರ ಅವನಿಗೆ ಉಸಿರಾಡಲು ತ್ರಾಸಿತ್ತು, ಒಂದು ಹೊಳ್ಳೆ ಪೂರ್ತಿ ಕಟ್ಟಿತ್ತು, ಅಂಥ ಹೊತ್ತಲ್ಲಿ ನಾವು ಮೂವರು ಹಿಡಿದು ಬಾಯಿಗೆ ನೊರೆ ತುಂಬುತ್ತಿದ್ದೆವು. ಅವನು ಒದ್ದಾಡದೆ ಇನ್ನೇನು ಮಾಡಿಯಾನು?

ಹಾಗಾಗಿ ಈ ಅಂಕಣ ಓದುವ ಸಣ್ಣ ಮಕ್ಕಳ ಅಪ್ಪ-ಅಮ್ಮಂದಿರಿಗೆ ಮೊದಲು ಇದನ್ನೇ ಹೇಳುತ್ತೇನೆ. ಎರಡು-ನಾಲ್ಕು ವರ್ಷದ ಮಗುವಿನ ಹತ್ತಿರ ಇದ್ದಕ್ಕಿದ್ದಂತೆ ಕೊಳೆತ ವಾಸನೆ ಬಂದರೆ ಬಾಯಿ ನೋಡುವ ಮೊದಲು ಮೂಗು ನೋಡಿ. ಒಂದೇ ಹೊಳ್ಳೆಯಿಂದ ಗಟ್ಟಿ ಸಿಂಬಳ, ಹಳದಿ-ಹಸಿರು, ಕೆಲವೊಮ್ಮೆ ರಕ್ತದ ಎಳೆ, ಜೊತೆಗೆ ವಾಸನೆ ಅಂದರೆ ಒಳಗೆ ಏನೋ ಸಿಕ್ಕಿದೆ ಅಂತಲೇ ಡಾಕ್ಟರು ಮೊದಲು ಅನುಮಾನ ಪಡುತ್ತಾರೆ. ನಮ್ಮ ಕಡೆ ತೊಗರಿ, ಶೇಂಗಾ, ಕಡಲೆ, ಹತ್ತಿ ಎಲ್ಲ ಪಡಸಾಲೆಗೇ ಬಂದು ಬೀಳುತ್ತವೆ. ಪಟ್ಟಣದ ಮನೆಯಲ್ಲಾದರೆ ಮಣಿ, ಸ್ಪಂಜಿನ ಚೂರು, ಪೆನ್ಸಿಲ್ ರಬ್ಬರ್. ಮನೆಯಲ್ಲಿ ಹೇರ್‌ಪಿನ್, ಚಿಮುಟ ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಹಿಂದಕ್ಕೆ ಹೋಗುತ್ತದೆ. ಕಾಳಾಗಿದ್ದರೆ ನೀರು ಬಿಡಬೇಡಿ, ಉಬ್ಬುತ್ತದೆ. ಆಗತಾನೇ ಹಾಕಿಕೊಂಡದ್ದಾದರೆ ಡಾಕ್ಟರು ತಾಯಿಯಿಂದಲೇ ಮಗುವಿನ ಬಾಯಿಗೆ ಒಂದು ಸಲ ಊದಿಸುವುದೂ ಉಂಟು. ಸರಿ ಇರುವ ಹೊಳ್ಳೆಯನ್ನು ಒತ್ತಿ ಹಿಡಿದು ಬಾಯಿಗೆ ಬಾಯಿ ಹಚ್ಚಿ ಊದಿದರೆ ಕಾಳು ಹೊರಗೆ ಚಿಮ್ಮುತ್ತದೆ. ‘ತಾಯಿಯ ಮುತ್ತು’ ಅಂತಲೇ ಅದಕ್ಕೆ ಹೆಸರು. ನಮ್ಮದು ಹಳೆಯದಾಗಿ ಅಂಟಿಕೊಂಡಿದ್ದರಿಂದ ಅದಕ್ಕೆ ಅವಕಾಶ ಇರಲಿಲ್ಲ. ಒಂದು ವಿಷಯ ಮಾತ್ರ ಕಾಯುವಂಥದ್ದಲ್ಲ: ಆಟಿಕೆ, ರಿಮೋಟ್, ಗಡಿಯಾರದ ಗುಂಡಿ ಸೆಲ್ ಮೂಗಿಗೋ ಹೊಟ್ಟೆಗೋ ಹೋಗಿದೆ ಅನ್ನಿಸಿದರೆ ರಾತ್ರಿಯಾಗಿದ್ದರೂ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಿ. ಅದು ಕೆಲವೇ ತಾಸಿನಲ್ಲಿ ಒಳಗೆ ಸುಟ್ಟುಬಿಡುತ್ತದೆ.

ವಾಸನೆಗೆ ಬೇರೆ ಕಾರಣಗಳೂ ಇವೆ. ನೆಗಡಿಯಾಗಿ ಅಥವಾ ಮೂಗಿನ ಹಿಂದಿನ ಗಡ್ಡೆ ಬೆಳೆದು ರಾತ್ರಿಯೆಲ್ಲ ಬಾಯಿ ತೆರೆದು ಉಸಿರಾಡುವ ಮಕ್ಕಳ ಬಾಯಿ ಒಣಗಿ ಮುಂಜಾನೆ ನಾರುತ್ತದೆ. ಟಾನ್ಸಿಲ್ ಬಾವು, ಜ್ವರದಲ್ಲಿ ಬಾಯಿಹುಣ್ಣು, ನಾಲಿಗೆ ಮೇಲಿನ ಬಿಳಿ ಪದರ ಕೂಡ. ಹಣ್ಣು ಹಣ್ಣಾದ ಬೇರೆಯೇ ಒಂದು ವಾಸನೆ ಬಂದು, ಮಗು ಸಿಕ್ಕಾಪಟ್ಟೆ ನೀರು ಕುಡಿಯುತ್ತ, ಪದೇ ಪದೇ ಮೂತ್ರ ಮಾಡುತ್ತ, ಸೋತು ಮಲಗಿಬಿಟ್ಟರೆ ಅದು ಸಕ್ಕರೆ ಕಾಯಿಲೆ ಇರಬಹುದು. ಅವತ್ತೇ ತೋರಿಸಬೇಕು, ನಾಳೆಗೆ ಬಿಡಬಾರದು.

ಹಲ್ಲಿನ ಮಾತು ಅಲ್ಲಿಗೇ ಮುಗಿಯಲಿಲ್ಲ. ಹಲ್ಲಿನ ಡಾಕ್ಟರು ಅವತ್ತು ಅವನ ಮೇಲ್ತುಟಿ ಎತ್ತಿ ಇನ್ನೊಂದು ತೋರಿಸಿದ್ದರು. ಮುಂದಿನ ಮೇಲ್ಹಲ್ಲುಗಳು ಒಸಡಿಗೆ ಸೇರುವ ಕಡೆ ಸೀಮೆಸುಣ್ಣದಲ್ಲಿ ಗೀಚಿದ ಹಾಗೆ ಬಿಳಿ ಗೆರೆ. “ಇದು ಹುಳುಕಿನ ಮೊದಲನೇ ಮೆಟ್ಟಲ್ರಿ. ಈಗ ಹಿಡಿದ್ರ ನಿಲ್ತದ. ಕಂದು ಆಗಿ ತೂತು ಬಿತ್ತಂದ್ರ ತುಂಬಬೇಕಾಗ್ತದ” ಅಂದರು. ಆಮೇಲೆ ಕೇಳಿದ ಪ್ರಶ್ನೆ, ರಾತ್ರಿ ಬಾಟಲಿ ಕೊಡ್ತೀರಾ?

ಕೊಡುತ್ತಿದ್ದೆವು. ಸಕ್ಕರೆ ಹಾಕಿದ ಹಾಲು. ನಿದ್ದೆ ಬರುವವರೆಗೂ ಚೀಪುತ್ತಿದ್ದ, ನಡುರಾತ್ರಿ ಎಚ್ಚರಾದರೆ ಮತ್ತೊಂದು. ನನಗೂ ಮುಂಜಾನೆ ಐದಕ್ಕೆ ಏಳಬೇಕು, ಬಾಟಲಿ ಕೊಟ್ಟರೆ ಮಲಗುತ್ತಾನೆ, ಅಷ್ಟು ಸಾಕು ಅನ್ನಿಸುತ್ತಿತ್ತು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ. ಹಗಲಿನಲ್ಲಿ ಹಲ್ಲನ್ನು ತೊಳೆಯುವುದು ಆ ಜೊಲ್ಲೇ. ರಾತ್ರಿ ಆ ಸಿಹಿ ಹಾಲು ಮೇಲ್ಹಲ್ಲಿನ ಸುತ್ತ ನಿಂತುಬಿಡುತ್ತದೆ, ಬಾಯಿಯ ಬ್ಯಾಕ್ಟೀರಿಯಾ ಅದನ್ನು ತಿಂದು ಆಮ್ಲ ಮಾಡುತ್ತವೆ. ಕೆಳಗಿನ ಮುಂದಿನ ಹಲ್ಲನ್ನು ನಾಲಿಗೆ ಮುಚ್ಚಿರುವುದರಿಂದ ಅವು ಸಾಮಾನ್ಯವಾಗಿ ಪಾರಾಗುತ್ತವೆ. ನಮ್ಮವನದೂ ಹಾಗೇ ಇತ್ತು.

ಮನೆಗೆ ಬಂದು ಹೇಳಿದರೆ ಅತ್ತಿಯ ಉತ್ತರ ತಯಾರಿತ್ತು. “ಹಾಲಹಲ್ಲು ಬೀಳೋವೇ ಅಲ್ಲೇನವ್ವ? ಬಿದ್ದು ಹೊಸವು ಬರ್ತಾವ ಬಿಡು.” ಅವರ ಮೇಲೆ ಸಿಟ್ಟಾಗುವ ಹಾಗಿಲ್ಲ, ನಾನೂ ಅದನ್ನೇ ನಂಬಿದ್ದೆ. ಮುಂದಿನ ಹಲ್ಲು ಆರು-ಏಳು ವರ್ಷಕ್ಕೆ ಬೀಳುತ್ತವೆ, ನಿಜ. ಹಿಂದಿನ ದವಡೆ ಹಾಲುಹಲ್ಲು ಹತ್ತು-ಹನ್ನೆರಡು ವರ್ಷದವರೆಗೂ ಇರಬೇಕು. ರೊಟ್ಟಿ ಅಗಿಯುವುದು ಅದರಲ್ಲೇ. ಅದು ಮೊದಲೇ ಹುಳುಕಾಗಿ ಕಿತ್ತುಹೋದರೆ ಅಕ್ಕಪಕ್ಕದವು ವಾಲಿ, ಕೆಳಗಿನಿಂದ ಬರುವ ಹೊಸ ಹಲ್ಲಿಗೆ ಜಾಗ ಸಿಗುವುದಿಲ್ಲ. ಹಲ್ಲುನೋವಿನ ಮಗು ಊಟ ಬಿಡುತ್ತದೆ, ನಿದ್ದೆ ಬಿಡುತ್ತದೆ, ತೂಕ ಇಳಿಯುತ್ತದೆ. ಇಷ್ಟನ್ನೂ ಅತ್ತಿಗೆ ಹೇಳಿದ್ದು ನಾನಲ್ಲ, ನಮ್ಮ ಮಾವ. ಹೆಂಡತಿಗೆ ಹೇಳುವ ನೆಪದಲ್ಲಿ ಹೇಳಿದರು, ಮಾತು ನಡೆಯಿತು. ಆದರೆ ಸಂಜೆ ಚಹಾದಲ್ಲಿ ಬಿಸ್ಕಿಟ್ ಅದ್ದಿ ಮೊಮ್ಮಗನ ಬಾಯಿಗಿಡುವ ಮುತ್ಯಾ ಕೂಡ ಅವರೇ. ಆ ಒದ್ದೆ ಬಿಸ್ಕಿಟ್ಟು ದವಡೆ ಹಲ್ಲಿನ ಸಂದಿಯಲ್ಲಿ ಕೂತರೆ ತಾಸುಗಟ್ಟಲೆ ಕೂತಿರುತ್ತದೆ. ಸಿಹಿಯನ್ನು ಎಷ್ಟು ತಿಂದ ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದ ಅನ್ನುವುದು ಹಲ್ಲಿಗೆ ಮುಖ್ಯವಂತೆ. ಬತ್ತಾಸು ಕೊಡುವುದಾದರೆ ಊಟದ ಜೊತೆ ಒಮ್ಮೆಗೇ ಕೊಟ್ಟು ಮುಗಿಸಿ ಅಂದರು ಡಾಕ್ಟರು. ದಿನವಿಡೀ ಒಂದೊಂದೇ ಬೇಡ.

ಬಾಟಲಿ ಬಿಡಿಸಿದ್ದು ಹೀಗೆ. ಮೊದಲು ಸಕ್ಕರೆ ಬಿಟ್ಟೆವು. ಎರಡು ರಾತ್ರಿ ಬಾಟಲಿ ಎಸೆದ. ಆಮೇಲೆ ಹಾಲಿಗೆ ನೀರು ಹೆಚ್ಚಿಸುತ್ತ ಹೋಗಿ, ಹತ್ತು ದಿನಕ್ಕೆ ಬಾಟಲಿಯಲ್ಲಿ ಬರೀ ನೀರೇ ಉಳಿಯಿತು. ಬರೀ ನೀರಿಗೆ ಯಾರು ಏಳುತ್ತಾರೆ, ತಾನೇ ಬಿಟ್ಟ. ಹಾಲು ಈಗ ಊಟದ ಹೊತ್ತಿಗೆ, ಲೋಟದಲ್ಲಿ. ಆ ಹತ್ತು ದಿನ ನಾನು ಆಫೀಸಿನಲ್ಲಿ ಕೂತಲ್ಲೇ ತೂಕಡಿಸಿದ್ದೇನೆ.

ಇನ್ನು ತಿಕ್ಕುವುದು. ಬಚ್ಚಲು ಅಂದರೆ ಅವನಿಗೆ ಕುಸ್ತಿ ಕಣ ಆಗಿತ್ತು. ಹಾಗಾಗಿ ಆ ಜಾಗವನ್ನೇ ಬಿಟ್ಟೆವು. ಸಣ್ಣ ಮಕ್ಕಳ ಹಲ್ಲನ್ನು ಬಚ್ಚಲಲ್ಲೇ ತಿಕ್ಕಬೇಕು ಅಂತ ಎಲ್ಲಿಯೂ ಇಲ್ಲ. ಐದು ದಿನ ಬ್ರಶ್ ಬಾಯಿಗೆ ಹಚ್ಚಲಿಲ್ಲ, ಒದ್ದೆ ಬಟ್ಟೆ ಬೆರಳಿಗೆ ಸುತ್ತಿ ಒರೆಸಿದೆ ಅಷ್ಟೇ. ಅದೇ ಹೊತ್ತಲ್ಲಿ ನನ್ನ ಬ್ರಶ್ಶನ್ನು ಅವನ ಕೈಗೆ ಕೊಟ್ಟು ನನ್ನ ಹಲ್ಲು ತಿಕ್ಕಿಸಿಕೊಂಡೆ. ಒಸಡಿಗೆ ಚುಚ್ಚಿದ, ನಾನು “ಅಯ್ಯಪ್ಪಾ” ಅಂದೆ, ಬಿದ್ದು ಬಿದ್ದು ನಕ್ಕ. ಸೇಡು ತೀರಿಸಿಕೊಂಡನೋ ಏನೋ.

ಆಮೇಲೆ ಒಂದು ಆಟ ಹುಟ್ಟಿತು. ಶಹಾಪುರದ ಕಡೆ ಬಂದವರಿಗೆ ಗೊತ್ತು, ನಮ್ಮೂರ ಬೆಟ್ಟದ ಸಾಲನ್ನು ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ ಎಲ್ಲ. ಬಸ್ಸಿನ ಕಿಟಕಿಯಿಂದ ಮಗನಿಗೆ ಎಷ್ಟೋ ಸಲ ತೋರಿಸಿದ್ದೆ. ಹಲ್ಲಿನ ಡಾಕ್ಟರ ಮಡಿಲಲ್ಲಿ ಅವನು ಮಲಗಿದ್ದು ಹೆಚ್ಚುಕಡಿಮೆ ಅದೇ ಭಂಗಿ. ಒಂದು ಸಂಜೆ ಚಾಪೆ ಮೇಲೆ ಕಾಲು ಚಾಚಿ ಕೂತು, “ಬುದ್ಧ ಎಲ್ಲಿ ಮಲಗ್ಯಾನ?” ಅಂದೆ. ಬಂದು ನನ್ನ ತೊಡೆ ಮೇಲೆ ತಲೆ ಇಟ್ಟು ಕೈಕಾಲು ನೀಡಿ ಮಲಗಿದ. “ಬುದ್ಧ ಆಕಳಸ್ತಾನಂತ.” ಬಾಯಿ ತೆರೆದ. ಮೂರು ಹಲ್ಲು ತಿಕ್ಕಿದೆ, ಮುಚ್ಚಿಕೊಂಡ. ಅವತ್ತಿಗೆ ಅಷ್ಟೇ ಸಾಕು ಅಂತ ಬಿಟ್ಟೆ. ಮೊದಲಿನ ನಾನಾಗಿದ್ದರೆ ಬಿಡುತ್ತಿರಲಿಲ್ಲ.

ಈ ಭಂಗಿಗೆ ಆಟದ ಆಚೆಗೂ ಅನುಕೂಲವಿದೆ. ತಲೆ ಅಲ್ಲಾಡುವುದಿಲ್ಲ, ಬೆಳಕು ನೇರ ಬೀಳುತ್ತದೆ, ಎಡಗೈ ಬೆರಳಿನಿಂದ ಮೇಲ್ತುಟಿ ಎತ್ತಿದರೆ ಒಸಡಿನ ಅಂಚು ಪೂರ್ತಿ ಕಾಣುತ್ತದೆ. ನಿಂತ ಮಗುವಿಗೆ ಎದುರು ನಿಂತು ತಿಕ್ಕಿದರೆ ನಮಗೆ ಕಾಣುವುದು ಮುಂದಿನ ನಾಲ್ಕು ಹಲ್ಲು ಮಾತ್ರ. ಹುಳುಕು ಹಿಡಿಯುವ ದವಡೆ ಹಲ್ಲು ಕಾಣುವುದೇ ಇಲ್ಲ. ಒಸಡಿಗೆ ಸೇರುವ ಅಂಚಿನಿಂದ ಶುರು ಮಾಡಬೇಕು, ಸಣ್ಣ ತಲೆಯ ಮೆತ್ತನೆ ಬ್ರಶ್ಶಿನಿಂದ, ಸಣ್ಣ ಸಣ್ಣ ಸುತ್ತು. ಎರಡು ನಿಮಿಷ ಅಂತ ಪುಸ್ತಕದಲ್ಲಿರುವುದನ್ನು ಮೊದಲ ದಿನವೇ ಹಿಡಿದು ಕೂರಬೇಡಿ. ಅರ್ಧ ನಿಮಿಷದಲ್ಲಿ ಮೇಲ್ಹಲ್ಲಿನ ಅಂಚು ಮತ್ತು ನಾಲ್ಕೂ ಮೂಲೆ ಮುಟ್ಟಿದರೂ ಆ ಹೊತ್ತಿಗೆ ಅದು ದೊಡ್ಡದೇ.

ಹೊತ್ತೂ ಬದಲಿಸಿದೆವು. ರಾತ್ರಿ ಮಲಗುವ ಮುಂಚೆ ತಿಕ್ಕುವುದೇ ಮುಖ್ಯ ಅಂತಾರೆ, ಆದರೆ ಒಂಬತ್ತೂವರೆಗೆ ನಿದ್ದೆಗಣ್ಣಿನ ಮಗು ಯಾರ ಮಾತೂ ಕೇಳುವುದಿಲ್ಲ. ಎಂಟಕ್ಕೆ ಊಟ ಮುಗಿದ ಕೂಡಲೇ ತಿಕ್ಕಿ, ಆಮೇಲೆ ನೀರು ಬಿಟ್ಟು ಬೇರೇನೂ ಕೊಡಬಾರದು ಅಂತ ಮಾಡಿಕೊಂಡೆವು. ಕೆಂಪು ಬ್ರಶ್ಶಾ ನೀಲಿ ಬ್ರಶ್ಶಾ, ಅಪ್ಪ ತಿಕ್ಕಬೇಕಾ ಮಮ್ಮಿನಾ, ಇಷ್ಟು ಅವನ ಆಯ್ಕೆ. ತಿಕ್ಕುವುದೋ ಬೇಡವೋ ಅಂತ ಕೇಳುವುದನ್ನು ನಿಲ್ಲಿಸಿದೆ. “ಹಲ್ಲು ತಿಕ್ಕೋಣೇನಪಾ?” ಅಂದರೆ ಎರಡೂವರೆ ವರ್ಷದವನ ಉತ್ತರ ಯಾವಾಗಲೂ ಒಲ್ಲೆ. ಮೊಬೈಲ್ ಹಾಡು ಹಚ್ಚುವವರೂ ಇದ್ದಾರೆ. ನಮ್ಮಲ್ಲಿ ಅದು ಹಾಡು ನಿಲ್ಲಿಸುವ ಹೊಸ ಜಗಳ ತಂದಿತು, ಬಿಟ್ಟೆವು. ಶುದ್ಧ ಹಠದ ದಿನಗಳೂ ಬರುತ್ತವೆ. ಆಗ ಒಬ್ಬರೇ, ಮಡಿಲಲ್ಲಿ, ಮೆಲ್ಲಗೆ ಹಿಡಿದು, ಮಾತಾಡುತ್ತ ಹತ್ತು ಎಣಿಸಿ ಮುಗಿಸುತ್ತೇವೆ. ಅತ್ತರೂ ಮುಗಿಸುತ್ತೇವೆ. ಕೈಕಾಲು ಹಿಡಿಯಲು ಮಂದಿ ಕರೆಯುವುದಿಲ್ಲ.

ಇಲ್ಲಿ ನಮ್ಮ ಜಿಲ್ಲೆಯವರಿಗೆ ಬೇರೆ ಊರಿನವರಿಗೆ ಬಾರದ ಒಂದು ಅನುಮಾನ ಬರುತ್ತದೆ. ನನಗೂ ಬಂತು. ಯಾದಗಿರಿ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಗ್ರಾನೈಟ್ ಬಂಡೆಯ ಸಂದಿಯಲ್ಲಿ ವರ್ಷಾನುಗಟ್ಟಲೆ ನಿಂತ ನೀರಿಗೆ ಕಲ್ಲಿನಿಂದಲೇ ಅದು ಇಳಿಯುತ್ತದೆ. ನಮ್ಮ ಮನೆಯವರ ಮುಂದಿನ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಪಟ್ಟಿ ಇದೆ. ಮದುವೆಗೆ ಮುಂಚೆ ನಾನು ಗುಟ್ಕಾ ಕಲೆ ಅಂದುಕೊಂಡಿದ್ದೆ! ಅವರ ಊರಿನಲ್ಲಿ ಅವರ ಓರಗೆಯವರ ಹಲ್ಲು ಬಹಳಷ್ಟು ಹಾಗೇ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಏಕೆಂದರೆ ಅದು ಮೇಲೆ ಹತ್ತಿದ ಕೊಳೆಯಲ್ಲ. ಮಗು ಹುಟ್ಟಿದಾಗಿನಿಂದ ಮೂರು-ನಾಲ್ಕು ವರ್ಷದವರೆಗೆ ಒಸಡಿನೊಳಗೆ ಶಾಶ್ವತ ಮುಂದಿನ ಹಲ್ಲು ತಯಾರಾಗುತ್ತಿರುತ್ತದೆ. ಆಗ ಹೊಟ್ಟೆಗೆ ಹೆಚ್ಚು ಫ್ಲೋರೈಡ್ ಹೋದರೆ ಆ ಗುರುತು ಬೀಳುತ್ತದೆ. ಹಾಗಿದ್ದ ಮೇಲೆ ಫ್ಲೋರೈಡ್ ಪೇಸ್ಟ್ ಯಾಕೆ ಕೊಡಬೇಕು?

ಡಾಕ್ಟರು ಲೆಕ್ಕ ಬಿಡಿಸಿ ತೋರಿಸಿದರು. ನಮ್ಮ ದೇಶದಲ್ಲಿ ಪೇಸ್ಟಿನಲ್ಲಿ 1000 ಪಿಪಿಎಂಗಿಂತ ಹೆಚ್ಚು ಫ್ಲೋರೈಡ್ ಇರುವಂತಿಲ್ಲ, ಎಷ್ಟಿದೆ ಅಂತ ಟ್ಯೂಬಿನ ಮೇಲೆ ಬರೆದಿರಬೇಕು. 1000 ಪಿಪಿಎಂ ಅಂದರೆ ಒಂದು ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ. ಮೂರು ವರ್ಷದೊಳಗಿನ ಮಗುವಿಗೆ ಹಚ್ಚಬೇಕಾದ್ದು ಒಂದು ಅಕ್ಕಿಕಾಳಿನಷ್ಟು, ಸುಮಾರು 0.1 ಗ್ರಾಂ. ಅಷ್ಟನ್ನೂ ನುಂಗಿದರೂ ಒಳಗೆ ಹೋಗುವುದು 0.1 ಮಿಲಿಗ್ರಾಂ, ಎರಡು ಹೊತ್ತು ಸೇರಿ 0.2. ಅದೇ ಲೀಟರಿಗೆ 2 ಮಿಲಿಗ್ರಾಂ ಇರುವ ಬೋರ್ ನೀರನ್ನು ದಿನಕ್ಕೊಂದು ಲೀಟರ್ ಕುಡಿದರೆ 2 ಮಿಲಿಗ್ರಾಂ. ಅಂದರೆ ಪೇಸ್ಟಿಗಿಂತ ಹತ್ತು ಪಟ್ಟು ನೀರಿನಿಂದ. ನಮ್ಮ ಕುಡಿಯುವ ನೀರಿನ ಮಾನದಂಡದ ಪ್ರಕಾರ ಇರಬೇಕಾದ್ದು ಲೀಟರಿಗೆ 1 ಮಿಲಿಗ್ರಾಂ ಒಳಗೆ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಹುಳುಕು ತಡೆಯಲು ಅಕ್ಕಿಕಾಳಿನಷ್ಟು ಪೇಸ್ಟ್ ಬೇಕು, ನೀವು ಚಿಂತೆ ಮಾಡಬೇಕಾದ್ದು ಕೊಡದ ನೀರಿಂದು ಅಂದರು.

ಆದರೆ ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಶ್ಶಿನ ಉದ್ದಕ್ಕೂ ಪೇಸ್ಟ್ ಹಾಕಿದರೆ ಲೆಕ್ಕ ತಲೆಕೆಳಗಾಗುತ್ತದೆ. ಅದು ಒಂದು ಗ್ರಾಂ ಆಗಿಬಿಡುತ್ತದೆ, ಉಗುಳಲು ಬಾರದ ಮಗು ಅದರಲ್ಲಿ ಬಹಳಷ್ಟನ್ನು ನುಂಗುತ್ತದೆ. ನಾನು ಹಾಕುತ್ತಿದ್ದದ್ದೂ ಹಾಗೇ. ಹಣ್ಣಿನ ರುಚಿಯ ಪೇಸ್ಟ್ ಬೇರೆ, ಅವನು ಟ್ಯೂಬನ್ನೇ ನೆಕ್ಕುತ್ತಿದ್ದ. ಈಗ ಟ್ಯೂಬು ಕಪಾಟಿನ ಮೇಲಿದೆ. ಅಕ್ಕಿಕಾಳು ಅಂದರೆ ಅತ್ತಿಗೆ ಅಂದಾಜು ಸಿಗಲಿಲ್ಲ, ಡಬ್ಬಿಯಿಂದ ಒಂದು ಕಾಳು ತೆಗೆದು ಬ್ರಶ್ಶಿನ ಪಕ್ಕ ಇಟ್ಟು ತೋರಿಸಿದೆ. “ಇಷ್ಟಾ? ಇಷ್ಟರಾಗ ಏನ್ ತಿಕ್ಕತೀಯ” ಅಂದರು. ಮೂರು ತುಂಬಿದ ಮೇಲೆ ಬಟಾಣಿ ಕಾಳಿನಷ್ಟು. ತಿಕ್ಕಿದ ಮೇಲೆ ಬಾಯಿಗೆ ನೀರು ಹಾಕಿ ಮುಕ್ಕಳಿಸುವ ಅಗತ್ಯವಿಲ್ಲ, ನೊರೆ ಒರೆಸಿದರೆ ಸಾಕು.

ನೀರಿನ ವಿಚಾರಕ್ಕೆ ಬಂದರೆ, ನಾವು ಶಹಾಪುರದ ಮನೆಯಲ್ಲಿ ಕುಡಿಯುವುದು ಫಿಲ್ಟರ್ ನೀರು. ಊರಿಗೆ ಹೋದಾಗ ಮಾತ್ರ ಬೋರ್ ನೀರು ಕುಡಿಸುತ್ತಿದ್ದೆವು. ಕಾಯಿಸಿ ಕೊಡ್ತೀವಿ ಅಂತ ಸಮಾಧಾನ ಬೇರೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಆರ್‌ಒ ಯಂತ್ರ ತೆಗೆಯುತ್ತದೆ. ಹಳ್ಳಿಗಳಲ್ಲಿ ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ಘಟಕ ಇರುವ ಕಡೆ ಆ ನೀರನ್ನು ಮಗುವಿನ ಕುಡಿಯುವುದಕ್ಕಷ್ಟೇ ಅಲ್ಲ, ಅನ್ನ-ಬೇಳೆ ಬೇಯಿಸಲೂ ಬಳಸಬೇಕು. ಕೃಷ್ಣೆ, ಭೀಮೆಯ ನೀರು ನಲ್ಲಿಗೆ ಬರುವ ಊರಿನವರಿಗೆ ಈ ತಾಪತ್ರಯ ಕಡಿಮೆ. ಸಂಶಯವಿದ್ದರೆ ಒಂದು ಬಾಟಲಿ ನೀರನ್ನು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸಬಹುದು. ಮುಂದಿನ ಸಲ ಊರಿಗೆ ಹೋದಾಗ ಒಯ್ಯಲು ಬಾಟಲಿ ತೊಳೆದಿಟ್ಟಿದ್ದೇನೆ.

ಮೊದಲ ಹುಟ್ಟುಹಬ್ಬದ ಹೊತ್ತಿಗೇ ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ. ಮಗು ಅಂಗನವಾಡಿಗೆ ಹೋಗುತ್ತಿದ್ದರೆ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವರ್ಷಕ್ಕೆ ಎರಡು ಸಲ ತಪಾಸಣೆ ಇರುತ್ತದೆ, ಹಲ್ಲಿನ ಹುಳುಕೂ ಅದರ ಪಟ್ಟಿಯಲ್ಲಿದೆ. ತಂಡ ಬಂದ ದಿನ ಮೇಲ್ತುಟಿ ಎತ್ತಿ ನೋಡಿ ಅಂತ ನೀವೇ ಕೇಳಿ. ದೊಡ್ಡ ಚಿಕಿತ್ಸೆ ಬೇಕಾದರೆ ಕಲಬುರಗಿಯಲ್ಲಿ ಎಸ್. ನಿಜಲಿಂಗಪ್ಪ ದಂತ ಕಾಲೇಜು, ಅಲ್-ಬದರ್ ದಂತ ಕಾಲೇಜು ಇವೆ, ರಾಯಚೂರಿನಲ್ಲಿ ನವೋದಯ ಇದೆ.

ನಮ್ಮವನ ಬಿಳಿ ಗೆರೆ ಮೊನ್ನೆ ನೋಡಿದಾಗ ಹೆಚ್ಚಾಗಿಲ್ಲ, ಹೊಳಪು ಬಂದಿದೆ ಅಂದರು. ಮೂರು ತಿಂಗಳಿಗೆ ಮತ್ತೆ ಬನ್ನಿ ಅಂದಿದ್ದಾರೆ. ತೊಗರಿ ಚೀಲಗಳು ಈಗ ಅಟ್ಟದ ಮೇಲಿವೆ. ಹೊಡೆದದ್ದನ್ನು ಅವನು ಮರೆತಿರಬಹುದು. ಆದರೆ ಹೊಸಬರು ಯಾರಾದರೂ ಎತ್ತಿಕೊಳ್ಳಲು ಕೈ ಚಾಚಿದರೆ ಇವತ್ತಿಗೂ ಮೊದಲು ತನ್ನ ಬಾಯಿಗೆ ಅಂಗೈ ಅಡ್ಡ ಹಿಡಿದುಕೊಳ್ಳುತ್ತಾನೆ. ಯಾಕೆ ಅಂತ ನನಗೊಬ್ಬಳಿಗೇ ಗೊತ್ತು. ಅವನು ಹಾಗೆ ಮಾಡಿದಾಗೆಲ್ಲ ನಾನು ಆ ಕೈ ಸರಿಸಿ ಅಲ್ಲೇ ಒಂದು ಮುತ್ತು ಕೊಡುತ್ತೇನೆ, ಬಸ್ಸಿಗೆ ಎಷ್ಟೇ ಹೊತ್ತಾಗಿರಲಿ.

ಇವತ್ತು ಮುಂಜಾನೆ ಬುದ್ಧ ಮಲಗಲಿಲ್ಲ. ಚಾಪೆ ಮೇಲೆ ಕಾಲು ಚಾಚಿ ಕೂತಿದ್ದ ಮುತ್ಯಾನ ಹಿಂದೆ ಓಡಿಹೋಗಿ ನಿಂತು, “ಮುತ್ಯಾ ಮಲಗ್ಲಿ” ಅಂದ. ಮಾವ ಹಲ್ಲಿನ ಸೆಟ್ಟು ತೆಗೆದು ಲೋಟದಲ್ಲಿಟ್ಟು, ಅಂಗಾತ ಮಲಗಿ ಬಾಯಿ ತೆರೆದರು. ಮಗ ಬಗ್ಗಿ ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ನೀಲಿ ಬ್ರಶ್ಶನ್ನು ಲೋಟಕ್ಕೆ ಹಾಕಿ ತಿಕ್ಕಲು ಶುರು ಮಾಡಿದ.